ದುಪ್ಪಟಿ ಕೊಡವುವ ಕೈ

ಯಾರ ಮೇಲೆ ಎಷ್ಟು ನಂಬಿಕೆ ಇದೆ ಎಂದು ಬಾಯಿಬಿಟ್ಟು ಹೇಳುವ ರೂಢಿ ಪಿಟ್ಕೆಲ್ಲಿ ಎಂಬ ಕಡಲೂರಿನ ಜನರಿಗಿಲ್ಲ. ಅದನ್ನು ಅವರು ವರ್ಷಕ್ಕೊಂದು ಸಲ, ಮೇ ತಿಂಗಳ ಮೊದಲ ಶನಿವಾರ, ಹುಲ್ಲಿನ ಮೇಲೆ ನಿಂತು ತೋರಿಸುತ್ತಾರೆ.

ಆ ದಿನ ಕೆಲಸಗಾರರ ಗಾಲ್ಫ್ ಕ್ಲಬ್ಬಿನ ಹೊಸ ಕ್ಯಾಪ್ಟನ್ ಆಟ ಶುರುವಾಗುವ ದಿಬ್ಬದ ಮೇಲೆ ನಿಂತು, ಊರೆಲ್ಲ ನೋಡುತ್ತಿರುವಾಗ, ಒಂದೇ ಒಂದು ಹೊಡೆತ ಹೊಡೆಯಬೇಕು. ಚೆಂಡನ್ನು ಹಿಡಿದು ತಂದವರಿಗೆ ಕ್ಯಾಪ್ಟನ್ನಿನ ಕೈಯಿಂದ ಒಂದು ಬೆಳ್ಳಿ ನಾಣ್ಯ. ಹಾಗಾಗಿ ಚೆಂಡು ಎಲ್ಲಿಯವರೆಗೆ ಬರಬಹುದೆಂದು ಅಂದಾಜು ಮಾಡಿ ಜನ ಮೊದಲೇ ಹೋಗಿ ಜಾಗ ಹಿಡಿಯುತ್ತಾರೆ. ಗಂಟೆ ಬಾರಿಸಿದ ಮೇಲೆ, ಚೆಂಡು ಹಾರುವ ತನಕ, ಯಾರೂ ಕಾಲು ಕದಲಿಸುವ ಹಾಗಿಲ್ಲ. ಬಡಗಿ ಸ್ಯಾಂಡಿ ಕ್ಯಾಪ್ಟನ್ ಆದ ವರ್ಷ ಜನ ಇನ್ನೂರು ಗಜ ದೂರ ನಡೆದುಹೋಗಿ ನಿಂತಿದ್ದರು. ಅಂಚೆಯ ರೋರಿಗೆ ಅರವತ್ತೇ ಗಜ. ಆ ಅರವತ್ತು ಗಜವನ್ನು ಅವನು ಸಾಯುವ ತನಕ ಮರೆಯಲಿಲ್ಲ.

ಈ ವರ್ಷದ ಕ್ಯಾಪ್ಟನ್ ನೆಟ್ಟಾ ಪಟುಲೊ. ಕ್ಲಬ್ಬು ಹುಟ್ಟಿದ ಎಂಬತ್ತೊಂದು ವರ್ಷಗಳಲ್ಲಿ ಹೆಂಗಸೊಬ್ಬಳು ಕ್ಯಾಪ್ಟನ್ ಆಗಿದ್ದು ಇದೇ ಮೊದಲು. ನೆಟ್ಟಾಳಿಗೆ ಐವತ್ತಾರು ವರ್ಷ. ಕಡಲ ದಂಡೆಯ ಹೋಟೆಲಿನಲ್ಲಿ ತಂಗಿ ಎಫಿಯ ಜೊತೆ ಬಟ್ಟೆ ಒಗೆಯಲು ಶುರುಮಾಡಿ ಮೂವತ್ತು ವರ್ಷವಾಗಿತ್ತು. ಕುಳಿಯ ಹತ್ತಿರ ಹೋದರೆ ಅವಳನ್ನು ಮೀರಿಸುವವರು ಊರಿನಲ್ಲಿ ಇರಲಿಲ್ಲ. ಹತ್ತಡಿ, ಇಪ್ಪತ್ತಡಿ ದೂರದಿಂದ ಚೆಂಡನ್ನು ಕುಳಿಗೆ ಉರುಳಿಸುವುದೆಂದರೆ ಅವಳಿಗೆ ಡಬ್ಬಿಗೆ ಮುಚ್ಚಳ ಹಾಕಿದಷ್ಟೇ ಸುಲಭ. ಆದರೆ ಉದ್ದ ಕೋಲು ಕೈಗೆ ಬಂತೆಂದರೆ ಅವಳೇ ಬೇರೆ. ಚೆಂಡು ಎಪ್ಪತ್ತು ಗಜ ಹೋಗಿ, ಏನೋ ನೆನಪಾದವರ ಹಾಗೆ ಬಲಕ್ಕೆ ತಿರುಗಿ, ಹಳದಿ ಹೂವಿನ ಮುಳ್ಳುಪೊದೆಯೊಳಗೆ ನುಗ್ಗುತ್ತಿತ್ತು. ದಿನವೂ ಆಡುವಾಗ ಇದು ನಗುವ ವಿಷಯ. ಆ ಶನಿವಾರ ಮಾತ್ರ ಹಾಗಲ್ಲ. ಜನ ಎಪ್ಪತ್ತು ಗಜದಲ್ಲಿ, ಪೊದೆಯ ಪಕ್ಕ ಹೋಗಿ ನಿಂತರೆ ವರ್ಷವಿಡೀ ಕ್ಯಾಪ್ಟನ್ನಿನ ಕೆಂಪು ಕೋಟು ಹಾಕಿಕೊಂಡು ಓಡಾಡುವುದು ಹೇಗೆ?

ಸುದ್ದಿ ತಿಳಿದ ಮರುದಿನವೇ ಮಾಂಸದಂಗಡಿಯ ಡಾಡ್ ಬಿರೆಲ್ ಹೋಟೆಲಿನ ಅಡುಗೆಮನೆಗೆ ಸಾಸೇಜು ಕೊಟ್ಟು, ಒಗೆಯುವ ಕೋಣೆಯ ಬಾಗಿಲಲ್ಲಿ ತಲೆ ಹಾಕಿದ.

"ಕ್ಯಾಪ್ಟನ್ನಮ್ಮಾ, ಮೇ ಶನಿವಾರಕ್ಕೆ ನಾನು ಕುರ್ಚಿ ತರ್ತಿದೀನಿ. ನಿಮ್ಮ ಚೆಂಡು ಬರೋದು ಅಷ್ಟರಲ್ಲೇ ಅಲ್ವಾ? ಕೂತ್ಕೊಂಡೇ ಹಿಡಿತೀನಿ."

"ಕುರ್ಚಿ ಜೊತೆ ತಲೆಗೊಂದು ಬೋಗುಣಿನೂ ತಗೊಂಬಾ," ಎಂದಳು ನೆಟ್ಟಾ. "ಆಮೇಲೆ ಹೇಳ್ಲಿಲ್ಲ ಅನ್ಬೇಡ."

"ಬೋಗುಣಿ ಪೊದೆಗೆ ಹಾಕಿ, ಪಾಪ. ಏಟು ತಿನ್ನೋದು ಅದೇ."

ಎಫಿ ಸೋಪಿನ ನೊರೆಯಿಂದ ತಲೆ ಎತ್ತಲೂ ಇಲ್ಲ. "ನಾನಂತೂ ದಿಬ್ಬದ ಕೆಳಗೇ ನಿಲ್ತೀನಪ್ಪ. ನನ್ನ ಮಂಡಿ ಕೇಳ್ಬೇಕಲ್ಲ. ಇವಳ ಹೊಡೆತ ಅಲ್ಲಿಗೇ ಬಂದ್ಬಿಟ್ರೆ ನನಗೂ ಅನುಕೂಲ."

ನೆಟ್ಟಾ ನಕ್ಕಳು. ಆದರೆ ಅಂದು ಸಂಜೆ ಕೋಲು ಹೆಗಲಿಗೆ ಹಾಕಿಕೊಂಡು ಮುದುಕ ಎಕ್ ಟಾರ್ವಿಟ್‌ನ ಮನೆಯ ಬಾಗಿಲು ತಟ್ಟಿದಳು.

ಎಕ್ ನಲವತ್ತು ವರ್ಷ ಆ ಬಯಲಿನ ಹುಲ್ಲು ನೋಡಿಕೊಂಡವನು. ಯಾರ ಕೋಲು ಎಲ್ಲಿ ತಪ್ಪುತ್ತದೆಂದು ಬೆನ್ನು ಹಾಕಿ ನಿಂತು, ಬರೀ ಸದ್ದಿನಿಂದಲೇ ಹೇಳುತ್ತಿದ್ದ. ಬಯಲಿಗೆ ಬಂದು ನೆಟ್ಟಾಳ ಮೂರು ಹೊಡೆತ ನೋಡಿದ. ಮೂರು ಚೆಂಡೂ ಪೊದೆ ಸೇರಿದವು.

"ಮಗಳೇ, ತಪ್ಪೆಲ್ಲಾ ಮಣಿಕಟ್ಟಲ್ಲಿದೆ. ಕೋಲು ಮೇಲಿಂದ ಇಳಿಯೋವಾಗ ಮಣಿಕಟ್ಟು ಮಡಿಚ್ಕೊಂಡೇ ಇರ್ಬೇಕು. ಸೊಂಟದ ಹತ್ರ ಬಂದ್ಮೇಲೆ ತಾನಾಗೇ ಬಿಚ್ಕೋಬೇಕು. ನೀನು ಮೇಲಿದ್ದಾಗ್ಲೇ ಬಿಚ್ಚಿ ಎಸೆದ್ಬಿಡ್ತೀಯ. ಆಮೇಲೆ ಕೆಳಗೆ ಬಂದು, ಅಯ್ಯೋ ಏನೂ ಉಳಿದಿಲ್ವಲ್ಲ ಅಂತ ಬಿಗಿಹಿಡಿತೀಯ. ಬಿಡು, ಬಿಡೋದನ್ನ ಕಲಿ."

"ಎಲ್ಲಿ ಬಿಡ್ಲಿ ಎಕ್? ಯಾವಾಗ ಬಿಡ್ಲಿ?"

"ಅದನ್ನ ಬಿಟ್ಟವರಿಗೇ ಗೊತ್ತು."

ಹೀಗೆ ಮೂರು ವಾರ ನಡೆಯಿತು. ಎಕ್ ಅವಳ ಎಡಗೈಯ ಹಿಂಬದಿಗೆ ಮರದ ಅಳತೆಪಟ್ಟಿ ಕಟ್ಟಿದ. ಬಲ ಮೊಣಕೈ ಪಕ್ಕೆಗೆ ಅಂಟಿರಲಿ ಎಂದ. ಹೆಬ್ಬೆರಳು ಒಂಚೂರು ಒಳಗೆ ಎಂದ. ಕೊನೆಯಲ್ಲಿ ಬಲಗೈ ಎಡಗೈಯ ಮೇಲೆ ಹೊರಳಬೇಕು, ಆದರೆ ಬೇಕೆಂದು ಹೊರಳಿಸಕೂಡದು ಎಂದ. ರಾತ್ರಿ ಊಟಕ್ಕೆ ಕೂತಾಗ ನೆಟ್ಟಾ ಲೆಕ್ಕ ಹಾಕಿದರೆ ಒಂಬತ್ತು ಮಾತು ನೆನಪಿಡಬೇಕಿತ್ತು, ಕೋಲು ಕೆಳಗೆ ಬರಲು ಹಿಡಿಯುತ್ತಿದ್ದುದು ಒಂದು ಉಸಿರು. ಒಂಬತ್ತನ್ನೂ ನೆನೆಸಿಕೊಂಡು ಹೊಡೆದ ದಿನ ಚೆಂಡಿಗೆ ಕೋಲು ತಗುಲಲೇ ಇಲ್ಲ. ಹುಲ್ಲಿನ ಹೆಂಟೆಯೊಂದು ಮಾತ್ರ ಚೆನ್ನಾಗಿ ಹಾರಿತು.

"ಹೆಂಟೆ ನೆಟ್ಟಗೆ ಹೋಯ್ತು," ಎಂದ ಎಕ್, ಸಮಾಧಾನಕ್ಕೆ.

ಆ ಶನಿವಾರಕ್ಕೆ ಹನ್ನೆರಡು ದಿನ ಉಳಿದಿತ್ತು. ಸೋಮವಾರ. ಹೋಟೆಲಿನ ಬಟ್ಟೆಗಳ ದಿನ.

ಪಿಟ್ಕೆಲ್ಲಿಯ ಹೆಂಗಸರು ಗಾಲ್ಫ್ ಆಡುವ ಹುಲ್ಲಿನ ಮೇಲೆಯೇ ಬಟ್ಟೆ ಒಣಗಿಸುತ್ತಾರೆ. ಆ ಹಕ್ಕು ಗಾಲ್ಫಿಗಿಂತ ಹಳೆಯದು. ಮೊದಲ ಕುಳಿಯ ದಾರಿಯಲ್ಲೇ, ಹಳ್ಳ ದಾಟಿದ ಮೇಲೆ, ದಿಬ್ಬದಿಂದ ನೂರೆಪ್ಪತ್ತು ಗಜದಲ್ಲಿ ನಾಲ್ಕು ಕಬ್ಬಿಣದ ಕಂಬಗಳಿಗೆ ಹಗ್ಗ ಕಟ್ಟಿದೆ. ಆಡುವವರು ತಪ್ಪಿಸಿಕೊಂಡು ಆಡಬೇಕು. ಕ್ಲಬ್ಬಿನ ಗೋಡೆಗೆ ತೂಗುಹಾಕಿದ ನಿಯಮಗಳಲ್ಲಿ ಒಂಬತ್ತನೆಯದು ಹೀಗಿದೆ: ಒಣಗುವ ಬಟ್ಟೆಗೆ ಚೆಂಡು ತಗುಲಿ ಕೊಳೆಯಾದರೆ, ಹೊಡೆದವರೇ ಅದನ್ನು ಒಗೆದು ಕೊಡತಕ್ಕದ್ದು. ಎಷ್ಟೋ ಗಂಡಸರು ಅಲ್ಲಿ ಮೊಣಕಾಲೂರಿ ದಿಂಬಿನ ಚೀಲ ಉಜ್ಜಿದ್ದಾರೆ.

ಅಂದು ಗಾಳಿ ಚೆನ್ನಾಗಿತ್ತು. ಎಫಿ ಹಗ್ಗಕ್ಕೆ ಬಟ್ಟೆ ಸಿಕ್ಕಿಸುತ್ತಿದ್ದಳು. ನೆಟ್ಟಾ ಬುಟ್ಟಿಯಿಂದ ಒದ್ದೆ ದುಪ್ಪಟಿ ಎತ್ತಿ, ಎರಡು ತುದಿ ಹಿಡಿದು ಕೊಡವಿದಳು. ಫಟ್! ಹಳ್ಳದ ಅಂಚಿನಲ್ಲಿದ್ದ ಕಡಲಹಕ್ಕಿಗಳು ಒಟ್ಟಿಗೇ ಎದ್ದವು.

ನೆಟ್ಟಾ ಹಾಗೇ ನಿಂತಳು. ಆ ಸದ್ದು ಎಲ್ಲಿಂದ ಬಂತು? ಕೈಯಿಂದಲ್ಲ. ಕೈ ಅಷ್ಟು ಜೋರಾಗಿ ಓಡಿಯೇ ಇರಲಿಲ್ಲ.

ಮತ್ತೆ ಕೊಡವಿದಳು. ಫಟ್! ಮತ್ತೆ.

"ಏನ್ ಆಯ್ತೇ ನಿನಗೆ?" ಎಂದಳು ಎಫಿ. "ಕೊಡವಿ ಕೊಡವಿ ಅದು ಅಲ್ಲೇ ಒಣಗೋಯ್ತು. ಈ ಕಡೆ ಕೊಡು."

"ತಾಳೇ. ನನ್ನ ಕೈ ನೋಡು. ಎಲ್ಲಿ ನಿಲ್ಲುತ್ತೆ ಹೇಳು."

"ಸೊಂಟದ ಹತ್ರ. ಯಾವಾಗ್ಲೂ ಅಲ್ಲೇ ನಿಲ್ಲೋದು. ಯಾಕೆ?"

ಈಗ ನೆಟ್ಟಾ ಬೇಕೆಂದೇ ಮುಷ್ಟಿ ಬಿಗಿಹಿಡಿದು, ಜೋರು ಮಾಡಿ ಕೊಡವಿದಳು. ದುಪ್ಪಟಿ ಸತ್ತ ಮೀನಿನ ಹಾಗೆ ತಪ್ಪನೆ ಬಿತ್ತು. ಬೆರಳಲ್ಲಿ ಹಗುರ ಹಿಡಿದು, ಕೈಯನ್ನು ಸುಮ್ಮನೆ ಕೆಳಗೆ ಬರಲು ಬಿಟ್ಟಳು. ಸೊಂಟದ ಬಳಿ ಕೈ ಹೆಚ್ಚುಕಡಿಮೆ ನಿಂತಿತು, ಕೈಯಲ್ಲಿದ್ದ ಓಟವೆಲ್ಲ ಬಟ್ಟೆಯ ಉದ್ದಕ್ಕೂ ಹರಿದು ಕೊನೆಯ ಅಂಚಿನಲ್ಲಿ ಫಟ್ಟೆಂದಿತು. ಮಣಿಕಟ್ಟು ಮೇಲೆ ಮಡಿಚಿಕೊಂಡಿತ್ತು, ಕೆಳಗೆ ಬಿಚ್ಚಿಕೊಂಡಿತ್ತು. ಬಿಚ್ಚು ಎಂದು ಅದಕ್ಕೆ ಯಾರೂ ಹೇಳಿರಲಿಲ್ಲ. ಮೂವತ್ತು ವರ್ಷ, ವಾರ ವಾರ ಅರವತ್ತು ದುಪ್ಪಟಿ: ಎಕ್ ಹೇಳಿದ್ದ ಒಂಬತ್ತೂ ಮಾತು ಅವಳ ಕೈಗೆ ಗೊತ್ತಿದ್ದವು. ಗೊತ್ತಿಲ್ಲದಿದ್ದುದು ಅವಳಿಗೆ.

"ಎಫಿ, ನಾನೆಂಥಾ ದಡ್ಡಿ ಕಣೆ!" ಎಂದು ಕೂಗಿ ತಂಗಿಯನ್ನು ತಬ್ಬಿಕೊಂಡಳು.

"ಅದು ನನಗೆ ಹಳೇ ಸುದ್ದಿ. ದುಪ್ಪಟಿ ಕೊಡು."

ಆ ಸಂಜೆಯಿಂದ ನೆಟ್ಟಾ ಮೊದಲು ಒದ್ದೆ ಟವೆಲಿನ ತುದಿಗೆ ಗಂಟು ಹಾಕಿ ಬೀಸಿದಳು, ಆಮೇಲೆ ಅದೇ ಕೈಯಲ್ಲಿ ಕೋಲು ಹಿಡಿದಳು. ಒಂದು ಟವೆಲ್, ಒಂದು ಕೋಲು. ಎಕ್ ಎಂದಿನಂತೆ ಬೆನ್ನು ಹಾಕಿ ಪೈಪಿಗೆ ತಂಬಾಕು ತುಂಬುತ್ತಿದ್ದವನು ನಾಲ್ಕನೆಯ ಹೊಡೆತದ ಸದ್ದಿಗೆ ಥಟ್ಟನೆ ತಿರುಗಿದ. ಚೆಂಡು ಹಳ್ಳದ ಮೇಲೆ ಹೋಗುತ್ತಿತ್ತು.

"ಯಾರು ಹೇಳ್ಕೊಟ್ರು?"

"ಹೋಟೆಲಿನ ದುಪ್ಪಟಿ."

ಎಕ್‌ಗೆ ಒಂದು ಗಳಿಗೆ ಸಿಟ್ಟು ಬಂತು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ. "ನಲವತ್ತು ವರ್ಷ ಆ ಫಟ್ ಫಟ್ ಕೇಳ್ಕೊಂಡು ಹುಲ್ಲು ಕತ್ತರಿಸಿದೀನಿ ಮಗಳೇ. ನನ್ನ ಕಿವೀನ ತೆಗೆದು ನಾಯಿಗೆ ಹಾಕ್ಬೇಕು."

ಆದರೂ ಹತ್ತರಲ್ಲಿ ನಾಲ್ಕೇ ಸರಿ ಬರುತ್ತಿದ್ದವು. ಯಾರಾದರೂ ನಿಂತು ನೋಡಿದರೆ ಮುಷ್ಟಿ ತಾನಾಗಿ ಬಿಗಿಯುತ್ತಿತ್ತು, ಚೆಂಡು ಪೊದೆಗೆ. ಡಾಡ್ ಎರಡು ಸಲ ಹಾದುಹೋದ, ಎರಡು ಸಲವೂ ಪೊದೆಗೆ ಹೋಗಿದ್ದನ್ನೇ ಕಂಡ. ಊರಿಗೆಲ್ಲ ಆ ಸುದ್ದಿಯೇ ಹರಡಿತು.

ಶನಿವಾರ ಬಿಸಿಲು ಬಿದ್ದಿತ್ತು, ಗಾಳಿ ಕಡಲಿಂದ ದಿಬ್ಬದ ಬೆನ್ನಿಗೆ ಬೀಸುತ್ತಿತ್ತು. ಕೆಂಪು ಕೋಟು ಗಂಡಸರ ಅಳತೆಯದು. ತೋಳು ಮಡಿಚಿ ಎರಡು ಪಿನ್ನು ಸಿಕ್ಕಿಸಿ ನೆಟ್ಟಾ ದಿಬ್ಬ ಹತ್ತಿದಳು. ಹತ್ತಿ ಎದುರು ನೋಡಿದಳು.

ಊರಿಗೆ ಊರೇ ಬಲಗಡೆ ಪೊದೆಯ ಪಕ್ಕ, ಎಪ್ಪತ್ತು ಗಜದಲ್ಲಿ ಸಾಲುಗಟ್ಟಿತ್ತು. ಡಾಡ್ ಇನ್ನೂ ಇಪ್ಪತ್ತು ಗಜ ಹತ್ತಿರ, ಬಯಲಿನ ನಡುವೆಯೇ, ಹೇಳಿದಂತೆ ಕುರ್ಚಿ ಹಾಕಿ ಕೂತು ಪೇಪರು ಬಿಡಿಸಿದ್ದ. ತಲೆಯ ಮೇಲೆ ತಗಡಿನ ಬೋಗುಣಿ. ಅವನ ಹಿಂದೆ ಹುಲ್ಲುಬಯಲು ಹಳ್ಳದವರೆಗೂ ಖಾಲಿ, ಹಳ್ಳದಾಚೆಗೂ ಖಾಲಿ.

ಜನ ನಗುತ್ತಿದ್ದರು, ನೆಟ್ಟಾಳೂ ನಕ್ಕಳು. ನಗುತ್ತಲೇ ಕೋಲಿನ ಮೇಲೆ ಅವಳ ಬೆರಳು ಬಿಗಿದವು. ದಿಬ್ಬದ ಕೆಳಗೆ ಎಫಿಗಾಗಿ ನೋಡಿದಳು. ಎಫಿ ಅಲ್ಲಿರಲಿಲ್ಲ.

"ಏಯ್ ಎಫಿ!" ಎಂದು ಡಾಡ್ ಕೂಗುವುದು ಕೇಳಿಸಿತು. "ಎಲ್ಲಿಗೇ ಹೊರಟೆ? ನಾಣ್ಯ ಸಿಗೋದು ಇಲ್ಲಿ!"

ಬಟ್ಟೆಯ ಬುಟ್ಟಿ ಸೊಂಟಕ್ಕೆ ಹಿಡಿದು ಎಫಿ ಅವನ ಕುರ್ಚಿ ದಾಟಿ ನಡೆಯುತ್ತಿದ್ದಳು. ಮಂಡಿ ನೋವಿನಿಂದ ಒಂದು ಕಾಲು ಎಳೆಯುತ್ತಿತ್ತು.

"ಒಣಹಾಕೋದಿದೆ ಕಣಪ್ಪ! ನಿನ್ನ ಹಾಗೆ ಕೂತು ಪೇಪರ್ ಓದಿದ್ರೆ ನಮ್ಮನೆ ನಡೆಯುತ್ತಾ?"

ಎಪ್ಪತ್ತು ಗಜ ದಾಟಿದಳು. ನೂರು ದಾಟಿದಳು. ಹಳ್ಳದ ಹಲಗೆಯ ಮೇಲೆ ನಿಧಾನಕ್ಕೆ ಕಾಲಿಟ್ಟು ಆಚೆ ಹೋದಳು. ನಗುತ್ತಿದ್ದವರ ನಗು ಒಂದೊಂದಾಗಿ ನಿಂತಿತು. ಕಂಬಗಳ ಹತ್ತಿರ ಬುಟ್ಟಿ ಇಳಿಸಿ ಅವಳು ದಿಬ್ಬದ ಕಡೆ ಮುಖ ಮಾಡಿ ನಿಂತಳು, ಆ ಇಡೀ ಬಯಲಿನಲ್ಲಿ ಒಬ್ಬಳೇ.

ಎಕ್ ಗಂಟೆ ಬಾರಿಸಿದ.

ಕಾಲು ಕದಲಿಸಬಾರದೆಂದು ನಿಯಮವಿದೆ. ಕೈಯ ಮಾತು ಅದರಲ್ಲಿಲ್ಲ. ಎಫಿ ಬುಟ್ಟಿಯಿಂದ ಒಂದು ದುಪ್ಪಟಿ ಎತ್ತಿ ಕೊಡವಿದಳು. ನೆಟ್ಟಾಳಿಗೆ ಮೊದಲು ಬೆಳ್ಳಗೆ ಮಿಂಚಿದ್ದು ಕಂಡಿತು. ಅರೆಗಳಿಗೆಯ ಮೇಲೆ, ದೂರದಿಂದ, ಸದ್ದು ಬಂತು: ಫಟ್.

ನೆಟ್ಟಾಳ ಮುಷ್ಟಿ ಸಡಿಲವಾಯಿತು. ಎಫಿ ದುಪ್ಪಟಿಯನ್ನು ಹಗ್ಗಕ್ಕೆ ಹಾಕಿದ್ದನ್ನು ನೋಡಿದಳು, ಚೆಂಡನ್ನು ನೋಡಿದಳು, ಕೋಲೆತ್ತಿದಳು. ಮೇಲೆ ಏನೂ ಅವಸರವಿರಲಿಲ್ಲ. ಕೈ ತನ್ನ ಪಾಡಿಗೆ ಇಳಿಯಿತು, ಸೊಂಟದ ಬಳಿ ತಡೆದು ನಿಂತ ಹಾಗಾಯಿತು, ಕೋಲು ಮುಂದೆ ಹೋಯಿತು.

ಸದ್ದು ಕೇಳಿಯೇ ಎಕ್ ಟೋಪಿ ಗಾಳಿಗೆ ಎಸೆದ.

ಚೆಂಡು ಡಾಡ್‌ನ ಬೋಗುಣಿಯ ಎಷ್ಟೋ ಮೇಲೆ ಹಾಯ್ದುಹೋಯಿತು. ನೋಡಲು ತಲೆ ಎತ್ತಿದ ಡಾಡ್ ಕುರ್ಚಿ ಸಮೇತ ಹಿಂದಕ್ಕೆ ಉರುಳಿದ. ಪೊದೆಯ ಪಕ್ಕದವರೆಲ್ಲ ಬಾಯಿಬಿಟ್ಟು ನಿಂತಿದ್ದು, ಆಮೇಲೆ ಒಮ್ಮೆಲೇ ಓಡತೊಡಗಿದರು. ಚೆಂಡು ಹಳ್ಳ ದಾಟಿ ಬಿತ್ತು, ಒದ್ದೆ ನೆಲದಲ್ಲಿ ಎರಡು ಸಲ ನೆಗೆಯಿತು, ಉರುಳಿ ಉರುಳಿ ಹೋಗಿ ನೇತಾಡುತ್ತಿದ್ದ ದುಪ್ಪಟಿಯ ಅಂಚಿಗೆ ತಗುಲಿ ನಿಂತಿತು. ಎಫಿ ಓಡಲಿಲ್ಲ. ಮಂಡಿ ಹಿಡಿದುಕೊಂಡು ಬಗ್ಗಿ, ಕೈಚಾಚಿ ಎತ್ತಿಕೊಂಡಳು.

ನೆಟ್ಟಾ ಓಡಿದಳು. ಕೆಂಪು ಕೋಟಿನ ಪಿನ್ನು ಬಿಚ್ಚಿಹೋಗಿ ತೋಳುಗಳು ಬೆರಳನ್ನು ಮುಚ್ಚಿದ್ದವು. ತಂಗಿಯ ಕೈಗೆ ನಾಣ್ಯ ಹಾಕಿ, ಆ ಕೈಯನ್ನು ಹಾಗೇ ಹಿಡಿದುಕೊಂಡಳು.

"ನಿಜ ಹೇಳೇ. ಇಲ್ಲಿವರೆಗೂ ಬರುತ್ತೆ ಅಂತ ಗೊತ್ತಿತ್ತಾ ನಿನಗೆ?"

"ಎಲ್ಲಿ ಗೊತ್ತಿತ್ತು? ಬರ್ದೇ ಇದ್ದಿದ್ರೆ ಬಟ್ಟೆ ಆದ್ರೂ ಒಣಗ್ತಿತ್ತು." ಎಫಿ ದುಪ್ಪಟಿಯ ಅಂಚು ಎತ್ತಿ ತೋರಿಸಿದಳು. ಕೆಸರಿನ ದುಂಡು ಕಲೆ, ಒಂದು ಚೆಂಡಿನಷ್ಟೇ ಅಗಲ. "ನೋಡು ಮಾಡಿರೋ ಕೆಲ್ಸ."

ಅಷ್ಟರಲ್ಲಿ ಎಕ್ ಏದುಸಿರು ಬಿಡುತ್ತ ಬಂದು, ಜನರೆಲ್ಲರಿಗೂ ಕೇಳುವಂತೆ, ಪಾದ್ರಿಯ ದನಿಯಲ್ಲಿ ಹೇಳಿದ: "ನಿಯಮ ಒಂಬತ್ತು!"

"ಒಂಬತ್ತು! ಒಂಬತ್ತು!" ಎಂದು ಊರು ಕೂಗಿತು. ಡಾಡ್ ಎಲ್ಲಿಂದಲೋ ಬಕೆಟು, ಸೋಪು ತಂದಿಟ್ಟ. ಬೋಗುಣಿ ಇನ್ನೂ ತಲೆಯ ಮೇಲೆಯೇ ಇತ್ತು. ಕ್ಯಾಪ್ಟನ್ ನೆಟ್ಟಾ ಪಟುಲೊ ಕೋಟಿನ ತೋಳು ಮೇಲೇರಿಸಿ ಬಕೆಟಿನ ಮುಂದೆ ಮೊಣಕಾಲೂರಿದಳು. ಆ ಕಲೆ ಎಷ್ಟು ಚೆನ್ನಾಗಿತ್ತೆಂದರೆ ಉಜ್ಜಲು ಕೈ ಬರಲಿಲ್ಲ.

"ಅಳೋದಾದ್ರೆ ಬಕೆಟಿಗೆ ಅಳು," ಎಂದಳು ಎಫಿ. "ನೀರು ಸಾಲ್ದು."

ಉಜ್ಜಿದಳು, ಜಾಲಿಸಿದಳು, ಇಬ್ಬರೂ ಸೇರಿ ಹಿಂಡಿದರು. ಆಮೇಲೆ ಅಕ್ಕ ಎರಡು ತುದಿ, ತಂಗಿ ಎರಡು ತುದಿ ಹಿಡಿದು, ಒಬ್ಬರ ಮುಖ ಒಬ್ಬರು ನೋಡಿ, ಒಟ್ಟಿಗೆ ಕೊಡವಿದರು. ಆ ಸದ್ದಿಗೆ ಹಳ್ಳದ ಹಕ್ಕಿಗಳೆಲ್ಲ ಮೇಲೆದ್ದವು, ಡಾಡ್ ಎರಡೂ ಕೈಯಲ್ಲಿ ಬೋಗುಣಿ ಹಿಡಿದುಕೊಂಡು ಕುಕ್ಕರುಗಾಲಲ್ಲಿ ಕೂತುಬಿಟ್ಟ.