ದಾನಿಗಳ ಸೀಟು

ನನಗೆ ಸೈನ್ಸ್ ಸೀಟು ಕೊಡಿಸಿದ್ದು ಮೀನಾಳ ಮುತ್ತಿನಂಥ ಅಕ್ಷರ. 1994ರ ಮಳೆಗಾಲ. ಪಿರಿಯಾಪಟ್ಟಣದ ಕಡೆ ನಮ್ಮ ಹೋಬಳಿಗೆಲ್ಲ ಇದ್ದದ್ದು ಒಂದೇ ಜೂನಿಯರ್ ಕಾಲೇಜು. ಊರಿನ ಹುಡುಗಿಯರ ಅರ್ಜಿಗಳನ್ನೆಲ್ಲ ತುಂಬುತ್ತಿದ್ದವಳು ಮೀನಾ. ಹೊಗೆಸೊಪ್ಪು ಹದಮಾಡುವ ನಮ್ಮ ಬ್ಯಾರನ್ ಮುಂದೆ ಇಬ್ಬರೂ ಹಸಿ ಸೊಪ್ಪನ್ನು ಕಡ್ಡಿಗೆ ಕಟ್ಟುತ್ತಿದ್ದೆವು. ಅಂಟಾದ ಕೈಗೆ ಮೂರು ಸಲ ಸೋಪು ಹಾಕಿ ತೊಳೆದು ಅವಳು ನನ್ನ ಅರ್ಜಿ ಹಿಡಿದಳು.

"ದಾನಿಗಳ ಸಂಬಂಧ ಅಂತ ಒಂದು ಕಾಲಂ ಅದೆ ಕಣೇ ಶಾಂತಲಾ. ಕಾಲೇಜಿಗೆ ಜಮೀನು ಕೊಟ್ಟಿದ್ದು ನಿಮ್ ತಾತ ಅಲ್ವಾ? ಬರೀತೀನಿ ತಡಿ."

'ಮೊಮ್ಮಗಳು' ಎಂದು ದುಂಡಗೆ ಬರೆದಳು. ತನ್ನ ಅರ್ಜಿಯಲ್ಲಿ ಅಲ್ಲೊಂದು ಗೀಟು ಎಳೆದಳು.

ನನಗೆ ಬಂದಿದ್ದು ನೂರಕ್ಕೆ ಐವತ್ತೆರಡು, ಅವಳಿಗೆ ಎಪ್ಪತ್ತೊಂದು. ಸೈನ್ಸ್ ಟೀಚರ್ ಆಗಲೇಬೇಕೆಂಬ ಹಟ ಅವಳದು. ನನಗೋ, ಸೈನ್ಸ್ ಓದುವವಳು ಎಂದು ಊರಲ್ಲಿ ಜಂಬವಾಗಿ ಓಡಾಡುವ ಆಸೆ. ಕೊನೆಗೆ ಉಳಿದದ್ದು ಒಂದೇ ಸೀಟು. ನೋಟಿಸ್ ಬೋರ್ಡಿನಲ್ಲಿ ಅದರ ಮುಂದೆ ನನ್ನ ಹೆಸರಿತ್ತು.

ಮೀನಾಳ ಅಜ್ಜಿ ಭದ್ರಮ್ಮ ಮಾರ್ಕ್ಸ್ ಕಾರ್ಡ್ ಹಿಡಿದು ಕಾಲೇಜಿಗೇ ಬಂದರು. ಫೀಸು ಕಟ್ಟಲು ನಾನೂ ಅಪ್ಪನೂ ಅಲ್ಲೇ ಇದ್ದೆವು.

"ಜಮೀನು ಕೊಟ್ಟೋರ ಮನೆ ಮಗೀಗೆ ಒಂದು ಸೀಟು ಕಣಮ್ಮ. ಮೊದ್ಲಿಂದ್ಲೂ ಅಂಗೇ ನಡ್ಕೊಂಡ್ ಬಂದದೆ" ಎಂದರು ಸಮಿತಿ ಅಧ್ಯಕ್ಷ ರುದ್ರಸ್ವಾಮಿ.

"ಕೊಟ್ರು, ಇಲ್ಲ ಅನ್ನಲ್ಲ ಸ್ವಾಮಿ. ಆ ಎರಡೆಕರೇನ ವಾರಕ್ಕೆ ಮಾಡ್ಕೊಂಡು, ಬೆಳೇಲಿ ಪಾಲು ಕೊಟ್ಟು ಉಳ್ತಿದ್ದೋನು ನನ್ ಗಂಡ. ಉಳೋನ್ಗೇ ಹೊಲ ಅಂತ ಕಾನೂನು ಬತ್ತದೆ ಅಂದೇಟ್ಗೇ ಕಾಲೇಜಿಗೆ ಬರ್ಕೊಟ್ರು. ರಾಗಿ ಇನ್ನೂ ತೆನೆ ಕಟ್ಟಿರ್ನಿಲ್ಲ. ಅಂಗೇ ಬುಟ್ಟು ಬಂದೋ."

ಅಪ್ಪ ತಲೆ ಎತ್ತಿ ಫ್ಯಾನು ನೋಡತೊಡಗಿದರು. ನನಗೆ ಆ ವಿಷಯ ಗೊತ್ತಾಗಿದ್ದೇ ಆವತ್ತು. "ಅವಳಿಗೇ ಕೊಡಿ" ಎನ್ನಲು ಎಷ್ಟು ಹೊತ್ತು ಬೇಕಿತ್ತು? ಅನ್ನಲಿಲ್ಲ. ಇವತ್ತಿಗೂ ನೆನೆದರೆ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಹುಣಸೂರಿಗೆ ಕಳಿಸಿ ಓದಿಸುವ ಅನುಕೂಲ ಅವರ ಮನೆಯಲ್ಲಿರಲಿಲ್ಲ. ಮೀನಾ ಇಲ್ಲೇ ಆರ್ಟ್ಸ್ ಸೇರಿದಳು. ಬೆಳಿಗ್ಗೆ ಒಂದೇ ಬಸ್ಸಿಗೆ ಕಾಯುತ್ತಿದ್ದೆವು. ಒಂದೇ ನೆಲ್ಲಿಕಾಯಿಯನ್ನು ಕಚ್ಚಿ ಹಂಚಿಕೊಂಡು, ಹಲ್ಲು ಜುಮ್ಮೆಂದು ನಗುತ್ತಿದ್ದೆವು. ಸಂಜೆ ನನ್ನ ಫಿಸಿಕ್ಸ್ ಪುಸ್ತಕ ಇಸಕೊಂಡು ಹೋಗಿ ಓದಿ, ಮಾರನೇ ದಿನ ಬಸ್ಸಿನಲ್ಲಿ ನನಗೇ ಪಾಠ ಹೇಳುತ್ತಿದ್ದಳು. ಸೀಟಿನ ಮಾತು ಮಾತ್ರ ಎತ್ತಲೇ ಇಲ್ಲ. ಅಂಥ ಬೆಳಗುಗಳು ಮತ್ತೆ ಬರಲಿಲ್ಲ ನನಗೆ.

ಅವಳು ಅಷ್ಟು ಹೇಳಿಕೊಟ್ಟರೂ ಅರ್ಧವಾರ್ಷಿಕ ಪರೀಕ್ಷೆಯಲ್ಲಿ ನಾನು ಮೂರು ವಿಷಯಕ್ಕೆ ಡುಮ್ಕಿ ಹೊಡೆದೆ. ಆಗ ಬಂತು ಧೈರ್ಯ. ರುದ್ರಸ್ವಾಮಿಯವರ ಮುಂದೆ ನಿಂತು, "ನಾನು ಆರ್ಟ್ಸಿಗೆ ಹೋಗ್ತೀನಿ ಸಾರ್. ನನ್ ಸೀಟು ಮೀನಾಗೆ ಕೊಡಿ" ಎಂದೆ.

"ನೀ ಬೇಕಾದ್ರೆ ಹೋಗವ್ವ. ಸೀಟು ದಾನಿಗಳದ್ದು. ನಿಮ್ಮನೇಲಿ ಬೇರೆ ಯಾರೂ ಓದೋರಿಲ್ದಿದ್ರೆ ಖಾಲಿ ಇರ್ತದೆ."

ಖಾಲಿಯೇ ಇತ್ತು, ನಾವು ಕಾಲೇಜು ಮುಗಿಸುವವರೆಗೂ.

ಆವತ್ತೇ ಆರ್ಟ್ಸ್ ಕ್ಲಾಸಿಗೆ ಹೋದೆ. ಮೀನಾಳ ಬೆಂಚಿನಲ್ಲಿ ಆಗಲೇ ನಾಲ್ವರಿದ್ದರು. ನಡೆದದ್ದನ್ನೆಲ್ಲ ಹೇಳಿದೆ. ಅವಳು ಪೆನ್ನಿಗೆ ಕ್ಯಾಪು ಹಾಕಿದಳು.

"ಅಲ್ಲಿ ಜಾಗ ಖಾಲಿ ಬುಟ್ಟು, ಇಲ್ಲಿ ನಮ್ಮನ್ನ ಒತ್ತಕ್ಕೆ ಬಂದ್ಯಾ?"

ಆಮೇಲೆ ಪುಸ್ತಕಗಳನ್ನು ಮಡಿಲಿಗೆ ಎಳೆದುಕೊಂಡು, ಸರಿದು ಕೂತಳು.