ಮೂರು ಬಚ್ಚಲು, ಒಂದು ಕೋಟೆ

ನಡುಮನೆಯ ನೆಲದ ಮೇಲೆ, ಈ ಸಲ ಪ್ರವಾಸ ಹೋಗಬೇಕಿದ್ದ ಹಳೇ ರಾಜಧಾನಿಯ ನಕ್ಷೆ ಹಾಸಿತ್ತು. ಸುರುಳಿ ಬಿಡದ ಅದರ ಮೂಲೆಗಳ ಮೇಲೆ ಒಂದು ಕಡೆ ಮಾವನ ಮಾತ್ರೆ ಡಬ್ಬಿ, ಇನ್ನೊಂದು ಕಡೆ ನೀರಿನ ಚೊಂಬು, ಮತ್ತೊಂದು ಕಡೆ ಮಗಳ ಕಂಪಾಸು ಪೆಟ್ಟಿಗೆ. ನಾಲ್ಕನೆಯದನ್ನು ಮೈದುನ ಮೊಣಕೈಯಿಂದ ಒತ್ತಿ ಹಿಡಿದು ಪೆನ್ಸಿಲ್ಲಿನಲ್ಲಿ ಗೆರೆ ಎಳೆಯುತ್ತಿದ್ದ.

"ಬೆಳಿಗ್ಗೆ ಕೋಟೆ. ಮಧ್ಯಾಹ್ನ ಲಾಡ್ಜಿಗೆ ಬಂದು ಊಟ, ಒಂದು ನಿದ್ದೆ. ಸಂಜೆ ಅರಮನೆ. ರಾತ್ರಿ ಲಾಡ್ಜಿಗೆ ಬಂದು ಊಟ. ಮಾರನೇ ದಿನ ಮ್ಯೂಸಿಯಂ. ಮಧ್ಯಾಹ್ನ ಲಾಡ್ಜಿಗೆ ಬಂದು..."

ಕಾಲರಕ್ಕ ಅಡುಗೆಮನೆ ಬಾಗಿಲಲ್ಲಿ ಕೈ ಒರೆಸಿಕೊಳ್ಳುತ್ತ ಕೇಳಿಸಿಕೊಳ್ಳುತ್ತಿದ್ದಳು. ಯೂನಿಫಾರಂ ಹೊಲಿಯುವ ಕಾರ್ಖಾನೆಯಲ್ಲಿ ಕಾಲರು ಕೂರಿಸುವುದು ಅವಳ ಕೆಲಸ; ಹೆಸರು ಅಲ್ಲಿಂದಲೇ ಅಂಟಿಕೊಂಡು ಬೀದಿಯವರೆಗೂ ಬಂದಿತ್ತು. ಮನೆಯ ಹೊಸ್ತಿಲು ದಾಟಿ ಆ ಹೆಸರು ಒಳಗೆ ಬರಲಿಲ್ಲ. ಒಳಗೆ ಅವಳು ಸೊಸೆ, ಅತ್ತಿಗೆ, ಅಮ್ಮ, ಮತ್ತೆ 'ಏ ಇಲ್ಬಾ'.

ಅಷ್ಟರಲ್ಲಿ ಅವಳ ಗಂಡ, ಬಸ್ ಡಿಪೋದ ಮೆಕ್ಯಾನಿಕ್, ಅಟ್ಟದಿಂದ ಪಂಪ್ ಸ್ಟವ್ ಇಳಿಸಿದ. ಸುತ್ತಿದ್ದ ಹಳೇ ದುಪ್ಪಟಿ ಬಿಚ್ಚಿ ಅದನ್ನು ತಂದು ನಕ್ಷೆಯ ನಾಲ್ಕನೇ ಮೂಲೆಯ ಮೇಲೆ ಇಟ್ಟ. ಮೈದುನನ ಮೊಣಕೈಗೆ ಬಿಡುಗಡೆ ಸಿಕ್ಕಿತು.

ಈ ಮನೆಯವರು ಎಲ್ಲಿಗೆ ಪ್ರವಾಸ ಹೊರಟರೂ ಸ್ಟವ್ ಹೊರಡುತ್ತಿತ್ತು. ಯಾಕೆಂದರೆ ಮಾವನ ಹೊಟ್ಟೆ. ಹೊರಗಿನ ಒಂದು ತುತ್ತೂ ಅದಕ್ಕೆ ಆಗಿಬರುವುದಿಲ್ಲ ಎಂದು ಎಂದೋ ಒಬ್ಬ ಡಾಕ್ಟರು ಹೇಳಿದ್ದರಂತೆ. ಅಂದಿನಿಂದ ಆ ಹೊಟ್ಟೆಯೇ ಈ ಮನೆಯ ಸರ್ಕಾರ. ಲಾಡ್ಜಿನವರು ರೂಮಿನಲ್ಲಿ ಒಲೆ ಹಚ್ಚಲು ಬಿಡುವುದಿಲ್ಲ. ಹಾಗಾಗಿ ಒಲೆ ಬಚ್ಚಲಲ್ಲಿ. ರೂಮು ಹಿಡಿಯುವಾಗ ಗಂಡ ಫೋನಿನಲ್ಲಿ ಕೇಳುತ್ತಿದ್ದ ಮೊದಲ ಪ್ರಶ್ನೆಯೇ "ಬಚ್ಚಲು ದೊಡ್ಡದಿದೆಯಾ?" ಎಂದು. ವಾಸನೆ ಹೊರಗೆ ಹೋಗದಂತೆ ಬಾಗಿಲ ಸಂದಿಗೆ ಒದ್ದೆ ಟವೆಲು ತುರುಕುವುದು, ಯಾರಾದರೂ ಕದ ತಟ್ಟಿದರೆ ಸ್ಟವ್ವಿನ ಭರ್ರೆನ್ನುವ ಸದ್ದು ಮುಚ್ಚಲು ನಲ್ಲಿ ಪೂರಾ ತಿರುಗಿಸುವುದು, ಇವೆಲ್ಲ ಕಾಲರಕ್ಕನಿಗೆ ಅತ್ತೆಯಿಂದ ಬಂದ ವಿದ್ಯೆ.

ಹಿಂದಿನ ವಾರ ಕಾರ್ಖಾನೆಯಲ್ಲಿ ಊಟದ ಹೊತ್ತಿಗೆ ಗುಂಡಿ ಹೊಲಿಯುವವಳು ಕೇಳಿದ್ದಳು: "ಹೋದ ವರ್ಷ ಹೋಗಿದ್ರಲ್ಲ, ಆ ಕೋಟೆ ಮೇಲಿಂದ ನದಿ ಕಾಣುತ್ತಂತೆ ಹೌದಾ?"

"ನನಗೆ ನಲ್ಲಿ ಕಾಣಿಸ್ತು" ಎಂದಿದ್ದಳು ಕಾಲರಕ್ಕ. ಸಾಲಿಗೆ ಸಾಲೇ ಬಿದ್ದು ಬಿದ್ದು ನಕ್ಕಿತು. ಅವಳೂ ನಕ್ಕಳು.

ಆ ಕಾರ್ಖಾನೆಯ ಕಿಟಕಿಗಳಿಗೆ ಮೊದಲು ಮೊಳೆ ಹೊಡೆದಿದ್ದರು. ಗಾಳಿ ಬೇಕೆಂದು ಕೇಳಿ ಕೇಳಿ ಸಾಕಾಗಿ, ಒಂದು ಮಧ್ಯಾಹ್ನ ಹೆಂಗಸರೆಲ್ಲ ಒಟ್ಟಿಗೆ ಪೆಡಲಿನಿಂದ ಕಾಲು ತೆಗೆದರು. ಘೋಷಣೆ ಇಲ್ಲ, ಬೈಗುಳ ಇಲ್ಲ. ಸುಮ್ಮನೆ ಕಾಲು ತೆಗೆದು ಕೂತರು. ಸಂಜೆಯೊಳಗೆ ಮೊಳೆ ಕೀಳುವವನು ಬಂದ.

"ಏ ಇಲ್ಬಾ, ಈ ಪಂಪಿಗೆ ಸ್ವಲ್ಪ ಎಣ್ಣೆ ಬಿಟ್ಟು ನೋಡು" ಎಂದ ಗಂಡ.

ಕಾಲರಕ್ಕ ಬಂದಳು. ಪಂಪು ಮುಟ್ಟಲಿಲ್ಲ. ನಕ್ಷೆಯ ಪಕ್ಕದಲ್ಲಿ ಚಕ್ಕಳಮಕ್ಕಳ ಹಾಕಿ ಕೂತಳು.

"ಮೈದುನಪ್ಪ, ಇದರಲ್ಲಿ ನಾನೆಲ್ಲಿದ್ದೀನಿ ತೋರಿಸು."

ಮೈದುನ ಪೆನ್ಸಿಲ್ಲಿನ ತುದಿಯನ್ನು ಲಾಡ್ಜಿನ ಗುರುತಿನ ಮೇಲಿಟ್ಟ. ಇಟ್ಟ ಮೇಲೆ ಅವನಿಗೇ ಕಸಿವಿಸಿಯಾಯಿತು. "ಅಲ್ಲ ಅತ್ತಿಗೆ, ಸಂಜೆ ಹೊತ್ತು ಬೇಕಾದ್ರೆ ಮಾರ್ಕೆಟ್ಟಿಗೆ..."

"ತರಕಾರಿ ತರೋಕಾ?"

ಮಗಳು ಕಿಸಕ್ಕೆಂದಳು. ಗಂಡ ನಗಲಿಲ್ಲ. "ಏನೀಗ? ಎಲ್ಲರ ಜೊತೆ ನಿನ್ನನ್ನೂ ಕರ್ಕೊಂಡೇ ಹೋಗ್ತಿದ್ದೀವಲ್ಲ."

"ಮೂರು ಪ್ರವಾಸದಲ್ಲಿ ನೀವು ಮೂರು ಕೋಟೆ ನೋಡಿದ್ರಿ. ನಾನು ಮೂರು ಬಚ್ಚಲು ನೋಡಿದೆ. ಮೊದಲನೇದಕ್ಕೆ ಹಸಿರು ಟೈಲ್ಸು. ಎರಡನೇದರ ಕಿಟಕಿ ಪಕ್ಕದ ಗೋಡೆಗೆ ತೆರೀತಿತ್ತು. ಮೂರನೇದರಲ್ಲಿ ಅನ್ನ ಬಸಿದ ಗಂಜಿ ಹರಿದುಹೋಗದೆ ನನ್ನ ಕಾಲ ಹತ್ರಾನೇ ನಿಂತಿತ್ತು. ಗೈಡ್ ಬೇಕಿದ್ರೆ ನಾನೇ ಬರ್ತೀನಿ. ಈ ಸಲ ಸ್ಟವ್ ಬರಬೇಕೋ ನಾನು ಬರಬೇಕೋ, ಒಂದು ತೀರ್ಮಾನ ಮಾಡಿ."

ಗೋಡೆಗೊರಗಿ ಬಟಾಣಿ ಬಿಡಿಸುತ್ತಿದ್ದ ಅತ್ತೆ ತಲೆ ಎತ್ತದೆ ಅಂದಳು: "ನಾವೂ ಮಾಡ್ಲಿಲ್ವಾ? ನಮ್ಮ ಕೈಯೇನು ಸವೆದು ಹೋಯ್ತಾ?"

"ಸರಿ" ಎಂದ ಗಂಡ. "ನೀನು ಬರಲೇಬೇಡ. ಮನೇಲಿ ಇರು. ಅಮ್ಮ ಮಾಡ್ತಾಳೆ."

ಅತ್ತೆಯ ಕೈ ಬಟಾಣಿಯ ಮೇಲೆ ನಿಂತಿತು. "ಬಚ್ಚಲ ನೆಲದಲ್ಲಿ ಕೂತರೆ ನನ್ನ ಮಂಡಿಯನ್ನ ಮೇಲೆತ್ತೋಕೆ ನಿನ್ನ ಡಿಪೋದಿಂದ ಜಾಕು ತರಬೇಕಾಗುತ್ತೆ, ಮಗನೇ."

ಗಂಡ ಸುತ್ತ ನೋಡಿದ. ಅವನ ಕಣ್ಣು ಹೋಗಿ ಮಗಳ ಮೇಲೆ ಕೂತಿತು. "ಇವಳೂ ದೊಡ್ಡವಳಾದಳಲ್ಲ. ಅನ್ನ ಇಡೋಕೆ ಬರುತ್ತೆ. ಎರಡು ದಿನ ಅಜ್ಜಿ ಹೇಳಿಕೊಟ್ಟ ಹಾಗೆ ಮಾಡ್ತಾಳೆ, ಅಲ್ವೇನಮ್ಮ?"

ನಕ್ಷೆಯ ಮೇಲೆ ಕೋಟೆಯ ಸುತ್ತ ಮಗಳೇ ಕೆಂಪು ಸ್ಕೆಚ್ಚು ಪೆನ್ನಿನಲ್ಲಿ ವೃತ್ತ ಹಾಕಿದ್ದಳು. ಬೆರಳು ಆ ವೃತ್ತದ ಮೇಲೇ ಇತ್ತು. ಮೆಲ್ಲಗೆ ಅದನ್ನು ಹಿಂದಕ್ಕೆ ಎಳೆದುಕೊಂಡಳು.

ಆ ಬೆರಳು ಹಿಂದೆ ಸರಿದದ್ದನ್ನು ಕಾಲರಕ್ಕ ನೋಡಿದಳು. ಎದ್ದು ಹೋಗಿ ಹೊಲಿಗೆ ಡಬ್ಬಿಯಿಂದ ಬಟ್ಟೆ ಕತ್ತರಿ ತಂದಳು. ಸ್ಟವ್ವಿನ ಪಂಪು ತಿರುಗಿಸಿ ಹೊರಗೆಳೆದು, ಅದರ ತುದಿಯಲ್ಲಿ ಗಾಳಿ ಒತ್ತುವ ತೊಗಲಿನ ವಾಷರ್ ಬಿಡಿಸಿಕೊಂಡು, ಕಾಲರಿನ ಬಟ್ಟೆ ಕತ್ತರಿಸುವಷ್ಟೇ ನೇರವಾಗಿ ಅದನ್ನು ಎರಡು ತುಂಡು ಮಾಡಿದಳು. ತುಂಡುಗಳನ್ನು ಗಂಡನ ಮುಂದೆ ಇಟ್ಟಳು.

"ತಲೆ ಕೆಟ್ಟಿದೆಯಾ ನಿನಗೆ?" ಅವನ ಧ್ವನಿ ಏರಿತು. "ಇಂಥ ವಾಷರ್ ನಾನು ನಿಂತ ನಿಲುವಲ್ಲಿ ಹತ್ತು ಮಾಡಿ ಬಿಸಾಕ್ತೀನಿ."

"ಮಾಡಿ. ನಾನೂ ಹತ್ತು ಕತ್ತರಿಸ್ತೀನಿ. ನಿಮ್ಮ ತೊಗಲು ಮುಗಿಯುತ್ತೋ ನನ್ನ ಕತ್ತರಿ ಮೊಂಡಾಗುತ್ತೋ ನೋಡೇಬಿಡೋಣ." ಅವಳು ಮತ್ತೆ ಅದೇ ಜಾಗದಲ್ಲಿ ಕೂತಳು. "ನನ್ನ ರಜೆಗೆ ಸಹಿ ಆಗಿದೆ. ನೀವು ಬಿಟ್ಟು ಹೋದರೆ ನಾನೂ ನನ್ನ ಮಗಳೂ ಬೇರೆ ಬಸ್ಸಲ್ಲಿ ಬರ್ತೀವಿ. ಕೋಟೆ ಮೇಲೆ ಸಿಕ್ಕಾಗ ಗುರುತು ಹಿಡಿದ್ರೆ ಮಾತಾಡ್ಸಿ."

ಮಾವ ಮಾತ್ರೆ ಡಬ್ಬಿ ಕೈಗೆತ್ತಿಕೊಂಡು ಕೆಮ್ಮಿದರು. ನಕ್ಷೆಯ ಆ ಮೂಲೆ ಸುರುಳಿ ಸುತ್ತಿಕೊಂಡಿತು. "ಅಂದ್ರೆ ಈ ಮನೇಲಿ ನನ್ನ ಹೊಟ್ಟೆಗೆ ಬೆಲೆ ಇಲ್ಲ ಅಂತಾಯ್ತು."

"ನಿಮ್ಮ ಹೊಟ್ಟೆಗಾ?" ಅತ್ತೆ ಬಟಾಣಿ ತಟ್ಟೆ ಪಕ್ಕಕ್ಕೆ ಸರಿಸಿದಳು. "ಕಟಿಂಗ್ ಅಂಗಡಿಗೆ ಹೋದಾಗೆಲ್ಲ ಪಕ್ಕದ ಗಾಡಿಯಲ್ಲಿ ಕರಿದದ್ದು ತಿಂದು ಬಾಯಿ ಒರೆಸಿಕೊಂಡು ಬರ್ತೀರಲ್ಲ, ಅಂಗಿ ತೊಳೆಯೋಳು ನಾನು. ಎಣ್ಣೆ ಕಲೆ ನನಗೆ ಕಾಣಲ್ಲ ಅಂದ್ಕೊಂಡಿದ್ದೀರಾ? ಅದು ಅರಗುತ್ತೆ, ಹೋಟೆಲಿನ ಮಜ್ಜಿಗೆ ಅನ್ನ ಅರಗಲ್ಲ."

ಮಾವ ಡಬ್ಬಿಯ ಮುಚ್ಚಳ ತೆಗೆದರು, ಹಾಕಿದರು, ಮತ್ತೆ ತೆಗೆದರು. ಮೈದುನ ಎಲ್ಲೂ ನೋಡದೆ ಪೆನ್ಸಿಲ್ ಚೂಪು ಮಾಡತೊಡಗಿದ.

"ಅಮ್ಮ, ನೀನೂ ಇವಳ ಕಡೆ ಸೇರ್ಕೊಂಡೆಯಾ?" ಎಂದ ಗಂಡ.

"ಯಾರ ಕಡೆಯೂ ಇಲ್ಲ" ಎಂದಳು ಅತ್ತೆ. ಮಗನನ್ನಲ್ಲ, ಸ್ಟವ್ವನ್ನು ನೋಡುತ್ತಿದ್ದಳು. "ಈ ನಕ್ಷೆಯ ಊರಿಗೆ ನಾನು ಎರಡು ಸಲ ಹೋಗಿ ಬಂದಿದ್ದೀನಿ ಕಣೋ. ಒಂದು ಸಲ ನೀನು ನನ್ನ ಹೊಟ್ಟೆಯಲ್ಲಿದ್ದೆ. ಆ ಕೋಟೆ ಯಾವ ಬಣ್ಣ ಅಂತ ಇವತ್ತಿಗೂ ನನಗೆ ಗೊತ್ತಿಲ್ಲ."

ಮೆಷಿನ್ನುಗಳೆಲ್ಲ ನಿಂತ ಆ ಮಧ್ಯಾಹ್ನದ ಮೌನ ಕಾಲರಕ್ಕನಿಗೆ ಗುರುತು ಸಿಕ್ಕಿತು. ಇದನ್ನು ತಾನಾಗಿ ಮುರಿಯಬಾರದು, ಮುರಿದವರು ಸೋತರು. ಅವಳು ಕೈಕಟ್ಟಿ ಕೂತಳು.

ಗಂಡ ವಾಷರಿನ ಎರಡು ತುಂಡನ್ನೂ ಅಂಗೈಯಲ್ಲಿಟ್ಟುಕೊಂಡು ಜೋಡಿಸಿ ನೋಡಿದ. ಆಮೇಲೆ ಜೇಬಿಗೆ ಹಾಕಿಕೊಂಡ. "ಹೊಟ್ಟೆ ಕೆಟ್ಟರೆ ನನ್ನ ಹತ್ರ ಬರಬೇಡಿ" ಎಂದ, ಯಾರಿಗೆ ಅನ್ನುವುದನ್ನು ಸ್ಪಷ್ಟ ಮಾಡದೆ.

ಕಾಲರಕ್ಕ ನಕ್ಷೆಯ ಮೂಲೆಯಿಂದ ಸ್ಟವ್ವನ್ನು ಎತ್ತಿ ಹಿತ್ತಲ ಬಾಗಿಲಾಚೆ ಇಟ್ಟು ಬಂದಳು. ಆ ಮೂಲೆಗೆ ತನ್ನ ಮೊಣಕಾಲು ಊರಿ, ಮೈದುನನ ಕೈಯಿಂದ ಪೆನ್ಸಿಲ್ ತೆಗೆದುಕೊಂಡಳು. ಮಧ್ಯಾಹ್ನ ಲಾಡ್ಜಿಗೆ ಬರುವ ಗೆರೆಗಳನ್ನೆಲ್ಲ ಒಂದೊಂದಾಗಿ ಹೊಡೆದುಹಾಕಿದಳು. ಪೆನ್ಸಿಲ್ಲಿನ ಮೊನೆ ಮುರಿಯಿತು. ಉಳಿದ ಮೊಂಡಿನಲ್ಲೇ ಹೊಡೆದಳು.

"ಅತ್ತೆ, ನದಿ ಕಡೆ ಬಾಗಿಲಿಂದ ಹತ್ತಿದರೆ ಮೆಟ್ಟಿಲು ಕಡಿಮೆಯಂತೆ."

"ಎಷ್ಟಿದ್ರೂ ಹತ್ತುತ್ತೀನಿ" ಎಂದಳು ಅತ್ತೆ. "ನಡುವೆ ಕೂತ್ಕೋತೀನಿ. ನಿಮ್ಮ ಮಾವನೋರು ಕಾಯ್ತಾರೆ."

ಮಗಳ ಬೆರಳು ಕೆಂಪು ವೃತ್ತದ ಮೇಲೆ ವಾಪಸು ಬಂದಿತ್ತು.