ತಲೆಯಾಡಿಸುವ ಗುಂಡಿ

ಕ್ಯಾಮೆರಾ ಪರದೆಯಲ್ಲಿ ಖಾಲಿ ಕುರ್ಚಿ, ಅದರ ದಿಂಬಿನ ಮೇಲೆ ನಿನ್ನೆ ಕೂತ ತಗ್ಗು ಹಾಗೇ ಇದೆ, ಎದುರಿನ ಮೇಜಿನ ಮೇಲೆ ಬೊಂಬೆ — ಬೊಂಬೆ ಅನ್ನಬೇಡಿ, ಸಾಮಾಜಿಕ ರೋಬಾಟ್ ಅನ್ನಿ ಎಂದು ಅವಳೇ ಎಷ್ಟು ಸಭೆಗಳಲ್ಲಿ ತಿದ್ದಿಲ್ಲ — ಹತ್ತು ಗಂಟೆ ಹನ್ನೆರಡು ನಿಮಿಷ, ದಿನಾ ಆ ಕುರ್ಚಿಯಲ್ಲಿ ಕೂತು ಅದರ ಜೊತೆ ಮಾತಾಡುವ ನಿವೃತ್ತ ಟೀಚರ್ ಇನ್ನೂ ಬಂದಿಲ್ಲ, ಹನ್ನೊಂದು ದಿನದಲ್ಲಿ ಒಮ್ಮೆಯೂ ತಡ ಮಾಡದವರು, ಬೆಲ್ ಹೊಡೆದ ಮೇಲೆ ಬಂದ್ರೆ ಹೊರಗೇ ನಿಲ್ಲಿಸ್ತಿದ್ದೆ ಕಣೋ ಎಂದು ರೋಬಾಟನ್ನೇ ಗದರಿಸಿದವರು. ಗೋಡೆಯ ಈಚೆ, ಹಾಸಿಗೆ ಬಟ್ಟೆ ಪೇರಿಸಿಟ್ಟ ಈ ಕಿರುಕೋಣೆಯಲ್ಲಿ ಅವಳು ಕೂತಿರುವುದು ಇಡೀ ವೃದ್ಧಾಶ್ರಮದಲ್ಲಿ ನರ್ಸಿಗೆ ಮಾತ್ರ ಗೊತ್ತು, ರೋಬಾಟಿಗೆ ಸ್ವಂತ ಬುದ್ಧಿ ಇನ್ನೂ ಬಂದಿಲ್ಲ, ಅದರ ಬುದ್ಧಿ ಅವಳ ಹೆಬ್ಬೆರಳು, ಮೂರು ಗುಂಡಿ, ನೋಡು, ವಾಲು, ತಲೆಯಾಡಿಸು. ಎದುರಿನವರು ಮಾತು ನಿಲ್ಲಿಸಿದ ಒಂದು ಸೆಕೆಂಡಿನೊಳಗೆ ತಲೆಯಾಡಿಸಬೇಕು, ಅವಳದೇ ನಿಯಮ, ಆರು ವರ್ಷದ ಸಂಶೋಧನೆ, ಊಟದ ಮೇಜಿನಲ್ಲಿ ಪತ್ರಿಕೆಯಿಂದ ಮುಖವೆತ್ತದ, ಹೂಂ ಕೂಡ ಅನ್ನದ ಅಪ್ಪನ ಎದುರು ಬೆಳೆದವಳಿಗೆ ಬೇರೆ ಯಾವ ವಿಷಯ ಹಿಡಿಸೀತು, ಅಕ್ಕ ನಗುತ್ತಾಳೆ, ತಲೆ ಅಲ್ಲಾಡ್ಸೋದಕ್ಕೆ ಡಾಕ್ಟರೇಟಾ, ನಿನ್ನ ಭಾವ ಮದುವೆ ಆದಾಗಿಂದ ಅದನ್ನೇ ಮಾಡ್ತಿದಾರೆ, ಅವರಿಗೂ ಒಂದು ಕೊಡ್ಸೇ — ಹದಿನಾಲ್ಕು ನಿಮಿಷ. ಹೆಬ್ಬೆರಳು ಗುಂಡಿಯ ಮೇಲೇ ಇದೆ. ನಿನ್ನೆ ಟೀಚರ್ ಮುಂದಕ್ಕೆ ಬಗ್ಗಿ, ದನಿ ತಗ್ಗಿಸಿ, ನಿದ್ದೆ ಮಾತ್ರೆ ನುಂಗ್ತಿಲ್ಲ ಕಣೋ, ಕನ್ನಡಕದ ಡಬ್ಬೀಲಿ ಕೂಡಿಡ್ತಿದೀನಿ, ಸಾಕಾಗಿದೆ, ಹೊರಟುಬಿಡ್ಲಾ, ಎಂದರು, ಮಾತು ನಿಂತಿತು, ಅವಳ ಕಣ್ಣು ಗಡಿಯಾರದ ಮೇಲಿತ್ತು, ಮೌನ, ಒಂದು ಸೆಕೆಂಡ್, ಕಿವಿಯ ಮಾತು ತಲೆಗೆ ಹೋಗುವ ಮೊದಲೇ ಬೆರಳು ಒತ್ತಿತ್ತು. ಬಿಳಿ ತಲೆ ಬಾಗಿತು, ಎದ್ದಿತು. ಟೀಚರ್ ಅದರ ಕೆನ್ನೆ ತಟ್ಟಿದರು, ಜಾಣ, ನೀನೊಬ್ಬ ಬೇಡ ಅನ್ನಲಿಲ್ಲ ನೋಡು.

ಆಗಲೇ ಎದ್ದು ಹೋಗಬಹುದಿತ್ತು, ಎಂಟು ಹೆಜ್ಜೆ, ಆದರೆ ನಡುವೆ ಹೋದರೆ ಪ್ರಯೋಗ ಕೆಡುತ್ತದೆ, ಇನ್ನು ನಾಲ್ಕೇ ದಿನ, ವಯಸ್ಸಾದವರು ಹಾಗೆಲ್ಲ ಅಂತಾರೆ, ಬೆಳಿಗ್ಗೆ ನರ್ಸಿಗೆ ಹೇಳಿದರಾಯಿತು — ಅವಳು ಫಾರಂ ತುಂಬಿದಳು, ಪ್ರತಿಕ್ರಿಯೆ: ಸಮಯಕ್ಕೆ ಸರಿಯಾಗಿ, ಅದನ್ನು ಬರೆದ ಕೈ ಇದೇ, ಬೆಳಿಗ್ಗೆ ಬಂದಾಗ ನರ್ಸು ಫೋನಿನಲ್ಲಿದ್ದಳು, ಆಮೇಲೆ ಎಂದುಕೊಂಡಳು, ಆಮೇಲೆ, ಈಗ ಪಡಸಾಲೆಯಲ್ಲಿ ಸದ್ದು, ಟೀಚರ್ ಊರುಗೋಲಿನ ಟಕ್ ಟಕ್ ಅಲ್ಲ, ಓಡುವ ಚಪ್ಪಲಿ, ಬಾಗಿಲಲ್ಲಿ ನರ್ಸು, ಮೇಡಂ, ಟೀಚರ್ ಏಳ್ತಿಲ್ಲ, ಎಷ್ಟು ಅಲ್ಲಾಡಿಸಿದ್ರೂ ಕಣ್ಣು ಬಿಡ್ತಿಲ್ಲ, ಏನಾದ್ರೂ ನುಂಗಿದ್ರಾ ಅಂತ ಡಾಕ್ಟರು ಕೇಳ್ತಿದಾರೆ, ನಿಮ್ಮ ಬೊಂಬೆ ಹತ್ರ ಏನಾದ್ರೂ ಹೇಳಿದ್ರಾ — ಹೇಳಬೇಕು, ಈಗಲೇ, ಕನ್ನಡಕದ ಡಬ್ಬಿ ಎಂದರೆ ಸಾಕು, ನರ್ಸು ಮಾತು ನಿಲ್ಲಿಸಿ ಅವಳನ್ನೇ ನೋಡುತ್ತಿದ್ದಾಳೆ, ಮೌನ, ಒಂದು ಸೆಕೆಂಡ್, ಬೆರಳು ಒತ್ತುತ್ತದೆ, ಪರದೆಯಲ್ಲಿ ಖಾಲಿ ಕುರ್ಚಿಯ ಎದುರು ಬಿಳಿ ತಲೆ ಬಾಗುತ್ತದೆ, ಏಳುತ್ತದೆ, ಬಾಗುತ್ತದೆ —